ಗಡುವು ಮರೆಯುವ ಹುಡುಗಿಯಲ್ಲ ಅವಳು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಸವಿತಾ ಮಂಗಳೂರಿನ ಕಾಲೇಜೊಂದರಲ್ಲಿ ಬಿ.ಎ. ಅಂತಿಮ ವರ್ಷದ ಅರ್ಥಶಾಸ್ತ್ರ ವಿದ್ಯಾರ್ಥಿನಿ. ಬಂಟ್ವಾಳದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ತಂದೆ ಇಲ್ಲ. ತಾಯಿ ಬೀಡಿ ಕಟ್ಟುತ್ತಾರೆ. ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿರುವ ಸೋದರಮಾವ ಕಳಿಸುವ ಹಣದಲ್ಲಿ ಮನೆ ನಡೆಯುತ್ತದೆ.

ನವೆಂಬರಿನಲ್ಲಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವಳು ಹೇಳಿದ್ದು ಇಷ್ಟೇ: "ನನಗೆ ಮರೆವು ಜಾಸ್ತಿಯಾಗಿದೆ ಮೇಡಂ. ಜಾಮ್ ಅರ್ಜಿಯ ಕೊನೆಯ ದಿನ ದಾಟಿಹೋಯಿತು. ರಾತ್ರಿ ನಿದ್ದೆ ಬರುವುದಿಲ್ಲ." ಜಾಮ್ ಎಂದರೆ ಐಐಟಿಗಳಲ್ಲಿ ಸ್ನಾತಕೋತ್ತರ ಪದವಿಗೆ ಸೇರಲು ಬರೆಯುವ ಪರೀಕ್ಷೆ, 2021ರಿಂದ ಅದರಲ್ಲಿ ಅರ್ಥಶಾಸ್ತ್ರವೂ ಇದೆ. ನೋಂದಣಿ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ.

ಊಟ, ಓದು, ಗೆಳತಿಯರ ಒಡನಾಟ ಎಲ್ಲ ಸರಿಯಾಗಿಯೇ ಇತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲವೆಂದಳು. ಹಾಗಾಗಿ ದಿನಾಂಕಗಳನ್ನು ಬರೆದಿಡುವ ಪುಸ್ತಕವನ್ನು ತೆಗೆಯಲು ಹೇಳಿದೆ.

ಆ ಪುಸ್ತಕ ನೋಡಿ ನನಗೆ ಆಶ್ಚರ್ಯವಾಯಿತು. ಆಂತರಿಕ ಪರೀಕ್ಷೆ, ಸೆಮಿನಾರಿನ ಪ್ರಬಂಧ, ಅಂತರಕಾಲೇಜು ರಸಪ್ರಶ್ನೆ, ರಾಜ್ಯ ಸರಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿ, ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮುಗಿದ ಮೇಲೆ ಪಕ್ಕದಲ್ಲಿ ಗುರುತು ಹಾಕಿದ್ದಳು. ಒಂದೂ ತಪ್ಪಿರಲಿಲ್ಲ. ಗುರುತಿಲ್ಲದೆ ಉಳಿದವು ಕೆಲವೇ ಸಾಲುಗಳು. ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ, "ಇವುಗಳಲ್ಲಿ ಸಮಾನವಾದದ್ದೇನು?" ಎಂದು ಕೇಳಿದೆ. ಬಹಳ ಹೊತ್ತು ನೋಡುತ್ತಾ ಕುಳಿತಳು.

"ಎಲ್ಲವೂ ಊರು ಬಿಟ್ಟು ಹೋಗುವಂಥವು. ಶುಲ್ಕಕ್ಕೆ ಮಾವನನ್ನು ಕೇಳಬೇಕಿತ್ತು."

ಚೌತಿಗೆ ಊರಿಗೆ ಬಂದಿದ್ದ ಮಾವ, ಡಿಗ್ರಿ ಸಾಕು, ಬ್ಯಾಂಕ್ ಪರೀಕ್ಷೆ ಬರೆ ಎಂದು ಹೇಳಿ ಹೋಗಿದ್ದರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತಿಗೆ ಎದುರಾಡುವುದು ಸುಲಭವಲ್ಲ. ಸವಿತಾ ಎದುರಾಡಲಿಲ್ಲ, ದಿನಾಂಕ ದಾಟಿಹೋಗಲು ಬಿಟ್ಟಳು. ಇಂಥ ಮಕ್ಕಳಿಗೆ ಮೊಬೈಲಿನಲ್ಲಿ ಅಲಾರಂ ಇಡು, ವೇಳಾಪಟ್ಟಿ ಹಾಕು ಎಂದು ಬುದ್ಧಿ ಹೇಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅಲಾರಂ ಬಡಿದಷ್ಟೂ ಅಪರಾಧಿ ಭಾವ ಹೆಚ್ಚುತ್ತದೆ, ಅಷ್ಟೇ.

ಹಾಗಾಗಿ ಮೊದಲ ಸಲಹೆ, ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಸಿಯುಇಟಿ ಪಿಜಿಗೆ ಅರ್ಜಿ ಕರೆಯುವ ಮೊದಲೇ ಮಾವನಿಗೆ ಫೋನ್ ಮಾಡುವುದು. ಅದು ಸಾಮಾನ್ಯವಾಗಿ ಡಿಸೆಂಬರಿನ ಹೊತ್ತಿಗೆ ಬರುತ್ತದೆ, ಪರೀಕ್ಷೆ ಮಾರ್ಚ್ ಸುಮಾರಿಗೆ. ಏನು ಹೇಳಬೇಕೆಂದು ಕೋಣೆಯಲ್ಲೇ ಅಭ್ಯಾಸ ಮಾಡಿದೆವು. "ಬೇಡ ಅನ್ನಬೇಡಿ ಮಾವ" ಎಂದು ಶುರು ಮಾಡುತ್ತಿದ್ದಳು, ಅದನ್ನು ಬಿಡಿಸಿದೆ. ಕೊನೆಗೆ ನಿಂತ ಮಾತು ಇದು: "ಮಾವ, ಬ್ಯಾಂಕ್ ಪರೀಕ್ಷೆಯನ್ನೂ ಬರೆಯುತ್ತೇನೆ. ಎಂ.ಎ. ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕೆಂದಿದ್ದೇನೆ. ಸೀಟು ಸಿಕ್ಕಿದ ಮೇಲೆ ಎಲ್ಲಿಗೆ ಎಂದು ಕೂತು ಮಾತಾಡೋಣ." ಸರಕಾರಿ ಕೆಲಸದ ಮಾತು ಬಂದರೆ ಹೇಳಲು ಒಂದು ವಿಷಯವನ್ನೂ ಕೊಟ್ಟೆ: ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಕೂರಲು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕೇ ಬೇಕು.

ದೆಹಲಿ ಒಂದೇ ಅವಳ ತಲೆಯಲ್ಲಿತ್ತು. ಸಿಯುಇಟಿ ಅಂಕದಲ್ಲೇ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬಹುದು ಎಂದಾಗ ಮುಖ ಸ್ವಲ್ಪ ಸಡಿಲವಾಯಿತು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವನ್ನು ಪಟ್ಟಿಯ ಕೊನೆಯಲ್ಲಿ, "ಏನೂ ಸಿಗದಿದ್ದರೆ" ಎಂದು ಬರೆದಿದ್ದಳು. ಆ ಮಾತನ್ನು ಹೊಡೆದುಹಾಕಲು ಹೇಳಿದೆ. ಮನೆಯಿಂದಲೇ ಹೋಗಿ ಬಂದು ಚೆನ್ನಾಗಿ ಓದಿದವರು ಬೇಕಾದಷ್ಟಿದ್ದಾರೆ.

ಉಳಿದವು ಕಚೇರಿ ಕೆಲಸಗಳು. ಮೀಸಲಾತಿ ಕೇಳುವುದಾದರೆ ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರವನ್ನು ಮಾಡಿಸಿಡಬೇಕು. ಎಸ್‌ಎಸ್‌ಪಿಗೆ ಕೊಟ್ಟ ರಾಜ್ಯದ ಜಾತಿ–ಆದಾಯ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಸಿಯುಇಟಿ ಬರೆದರೆ ಮುಗಿಯಲಿಲ್ಲ, ಆಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬೇರೆಯಾಗಿ ನೋಂದಾಯಿಸಬೇಕು. ಆ ಗಡುವುಗಳಿಗೆ ಪುಸ್ತಕದಲ್ಲಿ ಹೊಸ ಪುಟ ಮಾಡಿಸಿದೆ. ಮಾರ್ಚ್ ಮುಗಿಯುವವರೆಗೆ ರಸಪ್ರಶ್ನೆ, ಫೆಸ್ಟ್‌ಗಳಿಗೆ ಹೆಸರು ಕೊಡುವುದು ಬೇಡವೆಂದೆ. ಅದಕ್ಕೆ ಬೇಸರಪಟ್ಟಳು, ಆದರೆ ಒಪ್ಪಿದಳು.

ಮಾವ ಫೋನಿನಲ್ಲಿ ಮೊದಲು ಕೇಳಿದ್ದು ಹುಡುಗಿಯರಿಗೆ ಹಾಸ್ಟೆಲ್ ಇದೆಯೇ ಎಂದು. ಶುಲ್ಕದ ಹಣ ಮರುದಿನವೇ ಬಂತು. ಅರ್ಜಿ ಕರೆದ ವಾರದಲ್ಲೇ ಸಲ್ಲಿಸಿದಳು. ನಿದ್ದೆ ಮಾತ್ರ ಪೂರ್ತಿ ಸರಿಹೋಗಿಲ್ಲ. ತಾನು ಹೋದರೆ ಅಮ್ಮ ಮನೆಯಲ್ಲಿ ಒಬ್ಬರೇ ಆಗುತ್ತಾರೆ ಎಂಬುದನ್ನು ಅವಳು ಕಳೆದ ಭೇಟಿಯಲ್ಲಷ್ಟೇ ಬಾಯಿಬಿಟ್ಟು ಹೇಳಿದಳು. ಮುಂದಿನ ಸಲ ತಾಯಿಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.