ಉಳಿಕೆ ಬಟ್ಟೆಯ ಹಂತೆನ್‌ಗೆ ತುಂಬಿದ ಹತ್ತಿಯ ಮೇಲೆ ಮೆಷಿನ್ ಹೊಲಿಗೆ ಹಾಕಬಹುದೇ?

ಜಪಾನಿನ ಫುಕುವೋಕಾದಲ್ಲಿರುವ ನೀವು, ನೇಕಾರರಲ್ಲಿ ಅಗ್ಗವಾಗಿ ಸಿಗುವ ಉಳಿಕೆ ಬಟ್ಟೆಯಿಂದ ಹಂತೆನ್ ಎಂಬ ಹತ್ತಿ ತುಂಬಿದ ಮೇಲಂಗಿಗಳನ್ನು ಹೊಲಿದು ಬೆಂಗಳೂರಿನಲ್ಲಿ ಮಾರಬೇಕೆಂದಿದ್ದೀರಿ. ಒಳಗಿನ ಹತ್ತಿ ಗಂಟುಕಟ್ಟದಂತೆ ಮೆಷಿನ್ನಿನಲ್ಲಿ ಚೌಕಳಿ ಹೊಲಿಗೆ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಾನು ಹಾಕಿದ್ದೆ.

ಪತಿಯ ಉದ್ಯೋಗದ ಕಾರಣ ನಾವು ಇದೇ ಫುಕುವೋಕಾ ಪ್ರಾಂತ್ಯದ ಕುರುಮೆ ನಗರಕ್ಕೆ ಬಂದಾಗ, ನೇಯುವ ಮೊದಲೇ ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ನೀಲಿಯಲ್ಲಿ ಅದ್ದಿ ತಯಾರಿಸುವ ಇಲ್ಲಿನ ಕಸುರಿ ಬಟ್ಟೆಯನ್ನು ನೋಡಿ ನನಗೆ ಮನಸ್ಸು ತಡೆಯಲಾಗಲಿಲ್ಲ. ಇನೌಯೆ ದೆನ್ (1788–1869) ಎಂಬ ಹೆಣ್ಣುಮಗಳು ಬಾಲ್ಯದಲ್ಲಿಯೇ, ಮಾಸಿದ ಬಟ್ಟೆಯ ಮೇಲಿನ ಬಿಳಿ ಚುಕ್ಕೆಗಳನ್ನು ಕಂಡು, ಅದರ ಎಳೆಗಳನ್ನು ಬಿಚ್ಚಿ ನೋಡಿ ಈ ವಿದ್ಯೆಯನ್ನು ಕಂಡುಕೊಂಡಳೆಂದು ಇಲ್ಲಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಜನರು ದಿನನಿತ್ಯ ಕಿಮೋನೊ ಉಡುವುದನ್ನು ಬಿಟ್ಟ ಮೇಲೆ ಕುರುಮೆಯ ಸುತ್ತಲಿನ ಚಿಕುಗೊ ಭಾಗದ ನೇಯ್ಗೆಯ ಮನೆಗಳು ಹಂತೆನ್ ಹೊಲಿಗೆಯತ್ತ ತಿರುಗಿದವು. ಕಿಮೋನೊ ಬಟ್ಟೆಯ ಪನ್ನ, ಅಂದರೆ ಅಗಲ, ಸುಮಾರು 36ರಿಂದ 38 ಸೆಂಟಿಮೀಟರ್ ಮಾತ್ರವಿದ್ದು, ಹಂತೆನ್‌ನ ಎಲ್ಲ ಭಾಗಗಳನ್ನೂ ನೇರ ಗೆರೆಗಳಲ್ಲಿಯೇ ಕತ್ತರಿಸುವುದರಿಂದ, ತುಂಡು ಬಟ್ಟೆಯೂ ವ್ಯರ್ಥವಾಗದು. ಇಷ್ಟನ್ನು ತಿಳಿದದ್ದೇ, ಉಳಿದದ್ದೆಲ್ಲ ಹೊಲಿಗೆ ಬಲ್ಲವರಿಗೆ ಸುಲಭವೆಂದು ಭಾವಿಸಿ, ಟೋಕಿಯೋದ ಪರಿಚಿತ ಕನ್ನಡಿಗರಿಂದ ಮುಂಗಡ ಪಡೆದು ಕೆಲಸಕ್ಕೆ ಕುಳಿತೆ.

ನಾನು ಧಾರವಾಡದ ಕಡೆಯವಳು. ನಮ್ಮ ಮನೆಯಲ್ಲಿ ಕೌದಿ ಹೊಲಿಯುವುದನ್ನು ನೋಡುತ್ತ ಬೆಳೆದವಳು. ಪದರಗಳನ್ನು ಹಿಡಿದಿಡುವುದು ಒತ್ತೊತ್ತಾದ ಹೊಲಿಗೆಯೇ ಎಂಬುದು ನನಗೆ ಪ್ರಶ್ನಿಸಬೇಕಾದ ಸಂಗತಿಯಾಗಿ ತೋರಲೇ ಇಲ್ಲ. ಹೊರಬಟ್ಟೆ ಮತ್ತು ಲೈನಿಂಗ್ ನಡುವೆ ಹತ್ತಿಯನ್ನು ಹರಡಿ, ಮೂರು ಬೆರಳು ಅಂತರದಲ್ಲಿ ಅಡ್ಡ ಉದ್ದ ಮೆಷಿನ್ ಓಡಿಸಿದೆ. ನೋಡುವುದಕ್ಕೆ ಬಹಳ ಅಚ್ಚುಕಟ್ಟಾಗಿತ್ತು. ಜನವರಿಯಲ್ಲಿ ಒಬ್ಬೊಬ್ಬರಾಗಿ ಕರೆ ಮಾಡಿ, ಅಂಗಿ ಭಾರವಾಗಿದೆ, ಆದರೆ ಬೆಚ್ಚಗಿಲ್ಲ ಎಂದರು.

ಕಾರಣವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿರುವ ಭಯವೇ ನನ್ನಿಂದ ಆ ತಪ್ಪನ್ನು ಮಾಡಿಸಿತು. ದೇಹದ ಶಾಖವನ್ನು ತಡೆದು ನಿಲ್ಲಿಸುವುದು ಹತ್ತಿಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಹೊಲಿಗೆ ಹಾದುಹೋದ ಪ್ರತಿ ಗೆರೆಯಲ್ಲಿಯೂ ಹತ್ತಿ ನಜ್ಜಾಗಿ ಎರಡು ಬಟ್ಟೆಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಗಾಳಿಗೆ ಜಾಗವಿರುವುದಿಲ್ಲ, ಶಾಖ ಅಲ್ಲಿಂದಲೇ ಸೋರುತ್ತದೆ. ಗೆರೆಗಳು ಹತ್ತಿರವಾದಷ್ಟೂ ನಡುವಿನ ಚೌಕಗಳೂ ಉಬ್ಬಲಾರವು. ಕೌದಿಯ ಬಲವಿರುವುದು ಹಳೆಯ ಸೀರೆಗಳ ಪದರಗಳಲ್ಲಿ, ಆದ್ದರಿಂದ ಅದಕ್ಕೆ ಒತ್ತು ಹೊಲಿಗೆ ಸರಿ. ಹಂತೆನ್‌ನ ಬಲವಿರುವುದು ಅದರ ಉಬ್ಬಿನಲ್ಲಿ. ಹೊಲಿಗೆಯನ್ನು ಬಿಚ್ಚಿ ಸರಿಪಡಿಸಲು ಹೋದರೆ, ಕೈಮಗ್ಗದ ಆ ನೀಲಿ ಬಟ್ಟೆಯ ಮೇಲೆ ಸೂಜಿಯ ತೂತುಗಳ ಸಾಲು ಹಾಗೆಯೇ ಉಳಿದವು, ಕೆಲವೆಡೆ ಎಳೆಗಳೇ ತುಂಡಾಗಿದ್ದವು. ಹಣ ಹಿಂದಿರುಗಿಸಿದ್ದಕ್ಕಿಂತ, ಮತ್ತೆ ಸಿಗದ ಆ ವಿನ್ಯಾಸಗಳು ಹಾಳಾದದ್ದಕ್ಕೆ ನನಗಾದ ಸಂಕಟ ದೊಡ್ಡದು.

ಹಾಗಾದರೆ ಹತ್ತಿ ಗಂಟುಕಟ್ಟದೇ ಎಂದು ನೀವು ಕೇಳುವಿರಿ. ಹಂತೆನ್ ತಯಾರಿಕೆಯಲ್ಲಿಯೇ ಆಯುಷ್ಯ ಕಳೆದ ಚಿಕುಗೊದ ಹಿರಿಯ ಮಹಿಳೆಯೊಬ್ಬರು ತಮ್ಮ ಜೊತೆ ನನ್ನನ್ನು ಕೂರಿಸಿಕೊಂಡು ಇದನ್ನು ತೋರಿಸಿದರು. ಹೊರಬಟ್ಟೆ ಮತ್ತು ಲೈನಿಂಗನ್ನು ಮೊದಲು ಅಂಚುಗಳಲ್ಲಿ ಜೋಡಿಸಿ, ಒಂದು ಕಡೆ ಬಾಯಿ ಬಿಟ್ಟು, ಒಳಮೈ ಮೇಲಾಗುವಂತೆ ನೆಲದ ಮೇಲೆ ಹಾಸಬೇಕು. ಅದರ ಮೇಲೆ ಹತ್ತಿಯ ಹಾಳೆಗಳನ್ನು ಕೈಯಿಂದ ಹರಿದು ಹರಿದು ಇಡಬೇಕು. ಕತ್ತರಿಸಿದರೆ ಅಂಚು ಗಟ್ಟಿಯಾಗಿ ಹೊರಗೆ ಎದ್ದು ಕಾಣುತ್ತದೆ. ಹೆಗಲು ಮತ್ತು ಬೆನ್ನಿನ ಮೇಲೆ ದಪ್ಪ, ತೋಳಿನ ತುದಿ ಹಾಗೂ ಎದೆಯ ಅಂಚುಗಳಲ್ಲಿ ತೆಳು. ಅನಂತರ ಮವಾತಾ ಎಂಬ, ನೂಲಾಗಿ ಹೊಸೆಯದ ರೇಷ್ಮೆ ಎಳೆಗಳ ಹಾಳೆಯನ್ನು ಇಬ್ಬರು ಎದುರುಬದುರು ಕುಳಿತು ಜೇಡರಬಲೆಯಷ್ಟು ತೆಳುವಾಗುವವರೆಗೆ ಎಳೆದು, ಹತ್ತಿಯ ಮೇಲೆ ಹೊದಿಸುತ್ತಾರೆ. ಆ ರೇಷ್ಮೆ ಹತ್ತಿಯನ್ನೂ ಬಟ್ಟೆಯನ್ನೂ ಒಟ್ಟಿಗೆ ಕಚ್ಚಿ ಹಿಡಿಯುತ್ತದೆ. ಬಿಟ್ಟ ಬಾಯಿಯಿಂದ ಇಡೀ ಅಂಗಿಯನ್ನು ಹತ್ತಿಸಮೇತ ಮಗುಚಿ ಹೊರಮೈ ಮೇಲೆ ತಂದ ನಂತರ, ಅಲ್ಲಲ್ಲಿ ಮಾತ್ರ ಉದ್ದ ದಾರದಲ್ಲಿ ಸಡಿಲವಾಗಿ ಟಾಕು ಹಾಕುವರು. ಹತ್ತಿಯನ್ನು ಹಿಡಿದಿಡಲು ಅಷ್ಟೇ ಸಾಕು.

ಈ ಕೆಲಸವನ್ನು ಕಲಿಯುವ ಮೊದಲು ನೀವು ಒಂದು ಗಜ ಉಳಿಕೆ ಬಟ್ಟೆಯನ್ನೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಚ್ಯಾಂಚ್ಯಾಂಕೊ ಎಂಬ ತೋಳಿಲ್ಲದ ಹತ್ತಿಯಂಗಿಯಿಂದ ಆರಂಭಿಸಿ. ಅರವತ್ತು ತುಂಬಿದವರಿಗೆ ಕೆಂಪು ಬಣ್ಣದ್ದನ್ನು ತೊಡಿಸುವ ಪದ್ಧತಿ ಇಲ್ಲಿದೆ. ತೋಳುಗಳಿಲ್ಲದ ಕಾರಣ ಮಗುಚುವುದು ಸುಲಭ, ಕೈಗೆ ಹತ್ತಿಯ ಅಂದಾಜೂ ಸಿಗುತ್ತದೆ. ಹತ್ತಿಯನ್ನು ಹಾಸಿಗೆಯ ಹತ್ತಿ ಮಾರುವ ಅಂಗಡಿಯಲ್ಲಿಯೇ ತೆಗೆದುಕೊಳ್ಳಿ. ನಾನು ಹೋದ ಅಂಗಡಿಯವರು ಭಾರತದ ಹತ್ತಿಯನ್ನೇ ಮುಂದಿಟ್ಟರು; ನಮ್ಮ ದೇಶಿ ತಳಿಗಳ ಗಿಡ್ಡ ಎಳೆ ನುಣುಪಾದ ನೂಲಿಗೆ ಒದಗದಿದ್ದರೂ, ಒತ್ತಿದರೆ ಮತ್ತೆ ಮೇಲೇಳುವ ಗುಣವಿರುವುದರಿಂದ ಇಲ್ಲಿ ಅದಕ್ಕೆ ಬೆಲೆಯಿದೆ. ಮುಂಬೈಯಿಂದ ಹತ್ತಿ ತರಲೆಂದೇ 1893ರಲ್ಲಿ ಜಪಾನಿನ ನಿಪ್ಪೊನ್ ಯೂಸೆನ್ ಕಂಪನಿ ಹಡಗು ಮಾರ್ಗ ತೆರೆದಾಗ ಜಮ್ಶೆಟ್‌ಜಿ ಟಾಟಾ ಅದರ ಜೊತೆಗಿದ್ದರು ಎಂಬುದನ್ನು ಆಮೇಲೆ ಓದಿ ನನಗೆ ಬಹಳ ಸಂತೋಷವಾಯಿತು.

ಬೆಂಗಳೂರಿನಲ್ಲಿ ಮಾರುವ ಯೋಚನೆಯನ್ನು ಕೈಬಿಡಿ. ಮನೆಯ ಒಂದೇ ಕೋಣೆಯನ್ನು ಬಿಸಿಮಾಡಿಕೊಂಡು, ಕೊತಾತ್ಸು ಎಂಬ, ಅಡಿಯಲ್ಲಿ ಹೀಟರ್ ಇದ್ದು ಸುತ್ತ ದಪ್ಪ ಹೊದಿಕೆ ಇಳಿಬಿಟ್ಟ ಗಿಡ್ಡ ಮೇಜಿನ ಕೆಳಗೆ ಕಾಲು ಚಾಚಿ ಕುಳಿತವರ ಬೆನ್ನು ತಣ್ಣಗಾಗದಿರಲೆಂದು ಇರುವ ಉಡುಪು ಇದು. ಬೆಂಗಳೂರಿನ ಡಿಸೆಂಬರಿಗೆ ಶಾಲು ಸಾಕು. ಹಳೆಯ ರೇಷ್ಮೆ ಕಿಮೋನೊಗಳನ್ನು ಬಿಚ್ಚಿ ಬಳಸುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಜೀರ್ಣವಾದ ರೇಷ್ಮೆ ಮೊಣಕೈಯಲ್ಲಿ ಬೇಗ ಸೀಳುತ್ತದೆ. ಜಪಾನಿನಲ್ಲಿಯೇ ಇರುವ ನಮ್ಮವರಿಗೆ ಮಾಡಿಕೊಡಿ, ಕಸುರಿ ಹತ್ತಿಬಟ್ಟೆಯಲ್ಲಿ ಮಾಡಿಕೊಡಿ, ಕತ್ತರಿ ಹಾಕುವ ಮೊದಲು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ. ಕೊರಳಪಟ್ಟಿಯ ಮೇಲಿನ ಕಪ್ಪು ಬಟ್ಟೆಯನ್ನು ಕೈಹೊಲಿಗೆಯಲ್ಲಿ ಸಡಿಲವಾಗಿ ಹಾಕಿರಿ. ತಲೆಯೆಣ್ಣೆಯ ಜಿಡ್ಡು ಹತ್ತಿದಾಗ ಅದೊಂದನ್ನೇ ಬಿಚ್ಚಿ ಒಗೆಯಬೇಕಾಗುತ್ತದೆ, ನಮ್ಮವರ ವಿಷಯದಲ್ಲಿ ಅದು ಬೇಗನೇ ಬರುತ್ತದೆ.