ಮಠದ ಯೂನಿವರ್ಸಿಟಿಯಲ್ಲಿ ಬೇರೆ ಧರ್ಮದವರು ಕೆಲಸಕ್ಕೆ ಸೇರಬಹುದಾ?

ಕ್ರಿಶ್ಚಿಯನ್ ಆಗಿದ್ದು ಮಠದ ಯೂನಿವರ್ಸಿಟಿಗೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದರೆ ಹೊಂದಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಅಂಥದೇ ಒಂದು ಮಠದ ಭಕ್ತರ ಮನೆಯವನು. ಪೆಟ್ಟು ಬಿದ್ದದ್ದು ನನಗೆ. ನೀವು ಹೆದರಬೇಕಾದ್ದು ಧರ್ಮಕ್ಕಲ್ಲ, ಕಾಗದ ಇಲ್ಲದೆ ಸೇರುವುದಕ್ಕೆ.

ಆಗ ನನಗೆ ನೆಟ್ (ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಬರೆಯುವ ಅರ್ಹತಾ ಪರೀಕ್ಷೆ) ಆಗಿತ್ತು, ಪಿಎಚ್‌ಡಿ ಮುಗಿಯುವುದರಲ್ಲಿತ್ತು. ಅಪ್ಪ ಮಠಕ್ಕೆ ಕರೆದುಕೊಂಡು ಹೋದರು. ಸ್ವಾಮೀಜಿಗೆ ನಮಸ್ಕಾರ ಮಾಡಿದೆ, ಸೋಮವಾರದಿಂದ ಬಾ ಎಂದರು, ಪಕ್ಕದಲ್ಲಿದ್ದ ಆಡಳಿತಾಧಿಕಾರಿ ಸಂಬಳ ಎಷ್ಟು ಅಂತ ಹೇಳಿದರು. ಇಂಟರ್‌ವ್ಯೂ ಅಂದರೆ ಅಷ್ಟೇ. ನೇಮಕಾತಿ ಆದೇಶ ನಾನು ಕೇಳಲೇ ಇಲ್ಲ. ಮಠದವರ ಹತ್ತಿರ ಕಾಗದ ಕೇಳಿದರೆ ಅವರ ಮಾತನ್ನು ನಂಬಲಿಲ್ಲ ಅಂದಂತೆ, ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತ್ತು. ವರ್ಷ ವರ್ಷ ಸಂಬಳ ಸ್ವಲ್ಪ ಏರುತ್ತಿತ್ತು, ಪಾಠ ಚೆನ್ನಾಗಿ ನಡೆಯುತ್ತಿತ್ತು, ಕೇಳುವ ನೆನಪೂ ಬರಲಿಲ್ಲ. ಹೀಗೆ 6 ವರ್ಷ.

ಆಮೇಲೆ ಇನ್ನೊಂದು ಕಡೆ 3 ವರ್ಷ ಕೆಲಸ ಮಾಡಿ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದೆ. ಪಿಎಚ್‌ಡಿ ಜೊತೆಗೆ 8 ವರ್ಷದ ಅನುಭವ ಬೇಕು. ನನ್ನದು 9 ಅಲ್ವಾ? ಅರ್ಜಿ ನೋಡಿದವರು 3 ಅಂತ ಬರೆದರು. ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಹಿಂದಿನ ಸೇವೆ ಲೆಕ್ಕಕ್ಕೆ ಬರಬೇಕಾದರೆ ಸರಿಯಾದ ಆಯ್ಕೆ ಸಮಿತಿಯ ಮೂಲಕ ನೇಮಕ ಆಗಿರಬೇಕು. ಕಾಯಂ ಅಲ್ಲದಿದ್ದರೆ, ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಸಿಗುವ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. ನನಗೆ ಸಮಿತಿಯೂ ಇರಲಿಲ್ಲ, ಆ ಸಂಬಳವೂ ಇರಲಿಲ್ಲ. ಅನುಭವ ಪತ್ರ ಕೇಳಲು ಹೋದಾಗ 'ಕನ್ಸಾಲಿಡೇಟೆಡ್ ಪೇ', ಅಂದರೆ ಸ್ಕೇಲ್ ಇಲ್ಲದೆ ಒಟ್ಟಾಗಿ ಕೊಡುವ ಸಂಬಳ, ಅಂತ ಒಂದು ಸಾಲು ಬರೆದುಕೊಟ್ಟರು. ಸೇರಿದ ಮೊದಲ ವಾರವೇ ಒಂದು ಕಾಗದ ಕೇಳಿದ್ದರೆ ಪರಿಸ್ಥಿತಿ ಏನೆಂದು ಅವತ್ತೇ ಗೊತ್ತಾಗುತ್ತಿತ್ತು, ಸರಿ ಮಾಡಿಸಿಕೊಳ್ಳುತ್ತಿದ್ದೆ ಅಥವಾ ಬೇರೆ ಕಡೆ ನೋಡುತ್ತಿದ್ದೆ. ಆ 6 ವರ್ಷ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಠದ ಯೂನಿವರ್ಸಿಟಿಗೆ ನಾನು ಸೇರಿದ ವರ್ಷವೇ ಫಿಸಿಕ್ಸ್‌ಗೆ ಒಬ್ಬ ಮುಸ್ಲಿಂ ಮೇಡಂ ಸೇರಿದ್ದರು. ಅವರ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಜಾಹೀರಾತು ನೋಡಿ ಅರ್ಜಿ ಹಾಕಿ, ಸಮಿತಿ ಎದುರು ಕೂತು, ಪೇ ಸ್ಕೇಲ್ ಬರೆದಿರುವ ಆರ್ಡರ್ ಕೈಗೆ ಬಂದ ಮೇಲೇ ಸೇರಿದರು. ರಂಜಾನ್ ತಿಂಗಳಲ್ಲಿ ಅವರ ಸಂಜೆ ಲ್ಯಾಬ್ ನಾವು ತಗೊಳ್ಳುತ್ತಿದ್ದೆವು. ಉಳಿದ ದಿನ ದಾಸೋಹದಲ್ಲಿ ಎಲ್ಲರೂ ಒಂದೇ ಸಾಲಲ್ಲಿ ಊಟ. ಅವರ ಒಂದು ವರ್ಷವೂ ವ್ಯರ್ಥ ಆಗಲಿಲ್ಲ. ಹೊರಗಿನವರು ಅನ್ನೋದು ನಿಮಗೂ ಅನುಕೂಲವೇ. ಕೇಳೋಕೆ ಸಂಕೋಚ ಇರಲ್ಲ.

ಜೆಸ್ಯೂಟರ ಸೇಂಟ್ ಜೋಸೆಫ್ಸ್ ಇರಲಿ, ಸುತ್ತೂರು ಮಠದ ಜೆಎಸ್‌ಎಸ್ ಇರಲಿ, ಅನುಭವ ಲೆಕ್ಕ ಹಾಕುವಾಗ ಯುಜಿಸಿ ನಿಯಮ ಒಂದೇ. ಏಳನೇ ವೇತನ ಆಯೋಗದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಆರಂಭದ ಮೂಲ ವೇತನ 57,700 ರೂಪಾಯಿ. ಆರ್ಡರ್ ಬಂದಾಗ ಅದರಲ್ಲಿ ಎಷ್ಟಿದೆ ನೋಡಿ.

ನಿಮ್ಮ ಯಜಮಾನರಿಗೂ ಅಲ್ಲೇ ಆಫೀಸಿನಲ್ಲಿ ಕೆಲಸ ಅಂದಿದ್ದೀರಿ. ಆಫೀಸಿನವರ ಕೆಲಸಕ್ಕೆ ನಮ್ಮಲ್ಲಿ 'ಸೇವೆ' ಅನ್ನುತ್ತಿದ್ದರು. ಅದನ್ನು ಕೇಳಿ ಸುಮ್ನಿರಬೇಡಿ, ಪಿಎಫ್ ನಂಬರ್ ಕೇಳಿ. 5 ವರ್ಷ ಆದ ಮೇಲೆ ಬಿಟ್ಟರೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ ಕೊಡಬೇಕು. ಮೇಷ್ಟ್ರುಗಳಿಗೂ ಕೊಡಬೇಕು, 2009ರಲ್ಲಿ ಕಾನೂನು ತಿದ್ದಿ ಸೇರಿಸಿದ್ದಾರೆ.

ಹುದ್ದೆ, ಸ್ಕೇಲ್, ಸಮಿತಿ ಕೂತ ದಿನಾಂಕ ಇವಿಷ್ಟೂ ಆರ್ಡರ್‌ನಲ್ಲಿ ಬರಲಿ ಅಂತ ಇವತ್ತೇ ಇಮೇಲ್ ಮಾಡಿ. ಅದು ಕೈಗೆ ಬರುವವರೆಗೆ ಈಗಿರುವ ಕಾಲೇಜಿಗೆ ರಾಜೀನಾಮೆ ಕೊಡಬೇಡಿ.