ನೀವೇ ಮೊದಲು ಮಾತನಾಡಿಸಿ

ಪ್ರಜ್ಞೆಯಿಲ್ಲದೆ ಮಲಗಿರುವ ತಂದೆಯ ಬಟ್ಟೆ ಬದಲಿಸುವಾಗ ಸಿಬ್ಬಂದಿ ತಮ್ಮತಮ್ಮಲ್ಲೇ ಹರಟುತ್ತಾರೆ, ಪರದೆಯನ್ನೂ ಎಳೆಯುವುದಿಲ್ಲ, ಹೇಳಿದರೆ ತಪ್ಪಾದೀತೇ ಎಂದು ಕೇಳಿದ್ದೀರಿ. ಖಂಡಿತ ಹೇಳಿ. ತಂದೆಗೆ ಎಲ್ಲ ಕೇಳಿಸುತ್ತಿರಬಹುದು. ಕೆನಡಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ಅಧ್ಯಯನದಲ್ಲಿ, ಸಾವಿನಂಚಿನಲ್ಲಿ ಪ್ರತಿಕ್ರಿಯೆಯೇ ಇಲ್ಲದಿದ್ದ ಕೆಲವರ ಮೆದುಳೂ ಶಬ್ದಕ್ಕೆ ಸ್ಪಂದಿಸಿತ್ತು.

ಆದರೆ ದೂರಿನಿಂದ ಶುರು ಮಾಡಬೇಡಿ. ಮುಂದಿನ ಬಾರಿ ಪರದೆಯನ್ನು ನೀವೇ ಎಳೆಯಿರಿ, ಹೊದಿಕೆಯ ಅಂಚು ಹಿಡಿದುಕೊಂಡು, ‘ಅಪ್ಪಾ, ಈಗ ಎಡಮಗ್ಗುಲಿಗೆ ತಿರುಗಿಸುತ್ತೇವೆ’ ಎನ್ನಿ. ಸಿಬ್ಬಂದಿಯ ದನಿ ತಾನಾಗಿ ತಗ್ಗುವುದನ್ನು ನಾನು ಕಂಡಿದ್ದೇನೆ. ತಂದೆಯನ್ನು ಹೇಗೆ ಕರೆಯಬೇಕು, ಏನು ಕೆಲಸ ಮಾಡುತ್ತಿದ್ದರು ಎಂದು ಬರೆದು ಹಾಸಿಗೆಯ ಬಳಿ ಅಂಟಿಸಿ. ‘ಏಳನೇ ಬೆಡ್’ ಎಂಬ ಕರೆ (ನನಗಂತೂ ಕೇಳಿದರೆ ಮೈ ಉರಿಯುತ್ತದೆ) ಆಗ ನಿಂತೀತು. ನಿಲ್ಲದಿದ್ದರೆ ಮುಖ್ಯ ದಾದಿಗೆ ನೇರವಾಗಿ ಹೇಳಿ.